ಸೆಕೆಂಡ್ ಹ್ಯಾಂಡ್ ಆರ್15: ಹ್ಯಾಂಡಲ್ ಎಡಕ್ಕೆ ಎಳೆಯುತ್ತಿದೆ, ತಗೊಳ್ಳಬಹುದಾ?

ನವನಗರ_29:
ನಮಸ್ಕಾರ ಎಲ್ಲರಿಗೂ. ನಾನು ಬಾಗಲಕೋಟೆಯವನು. ಬೆಳಗಾವಿಯಲ್ಲಿ ಒಂದು ಯಮಹಾ ಆರ್15 ವಿ3 ಬೈಕ್ ನೋಡಿ ಬಂದೆ. 2019ರ ಗಾಡಿ, ಎಂಎಚ್ 09 ಪಾಸಿಂಗ್, ಮೀಟರ್‌ನಲ್ಲಿ 24,000 ಕಿ.ಮೀ. ಬಣ್ಣ ಥಳಥಳ ಅನ್ನುತ್ತದೆ. ನಾನು ಹೋಗುವಷ್ಟರಲ್ಲಿ ಓನರ್ ಗಾಡಿ ಬಿಸಿ ಮಾಡಿ ಇಟ್ಟಿದ್ದರು. ಓಡಿಸುವಾಗ ಹಿಡಿತ ಸ್ವಲ್ಪ ಸಡಿಲ ಮಾಡಿದರೆ ಎಡಕ್ಕೆ ಎಳೆಯುತ್ತದೆ. "ಟೈರ್‌ನಲ್ಲಿ ಗಾಳಿ ಕಮ್ಮಿ, ಅಷ್ಟೇ" ಅಂದರು. ನಂಬಬಹುದಾ?

ಟಿಳಕವಾಡಿ_ಪಾನಾ:
ತಮ್ಮಾ, ಗಾಳಿ ಕಮ್ಮಿ ಇದ್ದರೆ ಹ್ಯಾಂಡಲ್ ಭಾರ ಆಗುತ್ತದೆ, ಒಂದೇ ಕಡೆ ಎಳೆಯುವುದು ಅಪರೂಪ. ಗಾಳಿ ಹಾಕಿಸಿ ಇನ್ನೊಮ್ಮೆ ಓಡಿಸು. ಆಮೇಲೆ ಹಿಂದಿನ ಚಕ್ರದ ಎರಡೂ ಬದಿ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಮೇಲಿನ ಗೆರೆ ಎಣಿಸು. ಹೆಚ್ಚುಕಮ್ಮಿ ಇದ್ದರೆ ಚಕ್ರ ಸೊಟ್ಟ ಕೂತಿದೆ, ಐದು ನಿಮಿಷದ ಕೆಲಸ.

ಗೆರೆ ಸಮ ಇದ್ದೂ ಎಳೆದರೆ ಬಿದ್ದ ಗಾಡಿ ಅಂತಲೇ ಅನುಮಾನ ಪಡು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮ್‌ಗೆ ತಾಗಿ ನಿಲ್ಲುವ ಸಣ್ಣ ಗಟ್ಟಿ ಇರುತ್ತದೆ, ಸ್ಟಾಪರ್ ಅಂತಾರೆ. ಟಾರ್ಚ್ ಹಾಕಿ ನೋಡು. ಜಜ್ಜಿದ್ದರೆ, ವೆಲ್ಡಿಂಗ್ ಗುರುತು ಇದ್ದರೆ ಆ ಗಾಡಿ ಬಿಟ್ಟುಬಿಡು. ಫೇರಿಂಗ್ ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚ, ಅದರ ಬಣ್ಣಕ್ಕೆ ಮರುಳಾಗಬೇಡ, ಅದು ಅಂಗಡಿಯಲ್ಲಿ ಹೊಸದೇ ಸಿಗುತ್ತದೆ.

ಮೊದಲೇ ಬಿಸಿ ಮಾಡಿಟ್ಟದ್ದು ನನಗಂತೂ ಹಿಡಿಸಲಿಲ್ಲ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಫೋನ್ ಮಾಡಿ ಹೇಳು. ಹೋದ ಕೂಡಲೇ ಇಂಜಿನ್ ಹತ್ತಿರ ಕೈ ಹಿಡಿ, ತಣ್ಣಗಿರಬೇಕು. ಕಟಕಟ ಸದ್ದು, ನೀಲಿ ಹೊಗೆ ಎಷ್ಟೋ ಸಲ ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತವೆ. ಇದು ನೀರಿನಿಂದ ತಣ್ಣಗಾಗುವ ಇಂಜಿನ್. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕೂಲಂಟ್, ಅಂದರೆ ಆ ತಣ್ಣಗಿಡುವ ನೀರು, ಸೇರಿರಬಹುದು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪ್ ಮೇಲೆ ಎಣ್ಣೆ ಜಿಡ್ಡು ಸೋರಿದೆಯಾ ಅಂತಲೂ ನೋಡು.

ಗುಮ್ಮಟನಗರಿ_28:
ಎಂಎಚ್ 09 ಅಂದರೆ ಕೊಲ್ಲಾಪುರ. ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಮೇಲೆ ಕರ್ನಾಟಕದ ತೆರಿಗೆ ಬೇರೆ. ನಾನು ಅಗ್ಗ ಅಂತ ಸೊಲ್ಲಾಪುರದ ಗಾಡಿ ತಂದು ವಿಜಯಪುರದ ಗಾಡಿಯಷ್ಟೇ ರೊಕ್ಕ ಕೊಟ್ಟೆ, ಓಡಾಟ ಜಾಸ್ತಿ ಆಯಿತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಅನ್ನುವ ಫಾರ್ಮ್ 35 ಕೂಡ ಕೇಳು. ಗಾಡಿ ಮೇಲಿನ ಚಾಸಿ ನಂಬರ್ ನೀನೇ ಓದಿ ಆರ್‌ಸಿ ಜೊತೆ ತಾಳೆ ನೋಡು. ಟೈರ್ ಮೇಲೆ 2319 ಅಂತಿದ್ದರೆ 2019ರ 23ನೇ ವಾರದ ಮಾಲು.

ನವನಗರ_29:
ಇವತ್ತು ಮತ್ತೆ ಹೋಗಿದ್ದೆ. ಗಾಳಿ ಹಾಕಿಸಿದರೂ ಎಳೆಯಿತು. ಚೈನ್ ಗೆರೆ ಎರಡೂ ಕಡೆ ಸಮ. ಸ್ಟಾಪರ್ ಎಡಗಡೆ ಜಜ್ಜಿದೆ, ಅದರ ಮೇಲೆ ಕಪ್ಪು ಬಣ್ಣ ಬೇರೆ ಬಳಿದಿದ್ದಾರೆ! ಕೇಳಿದ್ದಕ್ಕೆ "ಚೋರ್ಲಾ ಘಾಟಿನಲ್ಲಿ ಸುಮ್ನೆ ಸ್ವಲ್ಪ ಜಾರಿತ್ತು" ಅಂದರು. ಹತ್ತು ಸಾವಿರ ಇಳಿಸುತ್ತೇನೆ ಅಂದರು. ಬೇಡ ಅಂದೆ. ಮನೆಗೆ ಕುಂದಾ ಕಟ್ಟಿಸಿಕೊಂಡು ಬಸ್ ಹತ್ತಿದ್ದೇನೆ.

ಇಲ್ಲೇ ಬಾಗಲಕೋಟೆಯಲ್ಲಿ ಒಂದು ಕೆಟಿಎಂ ಆರ್‌ಸಿ 200 ಇದೆಯಂತೆ. ಅದರ ಸ್ಟಾಪರ್ ಎಲ್ಲಿರುತ್ತದೆ, ಯಾರಾದರೂ ಫೋಟೋ ಹಾಕ್ತೀರಾ?