ಪದಚರ್ಚೆ: ಗಾಳಿಯಂತ್ರದ ರೆಕ್ಕೆಯ ಹಲ್ಲುಗಳಿಗೆ ‘ಕಕ್ಕು’ ಎನ್ನಬಹುದೇ?

ಗೆಳೆಯರೇ,

ಕರೆಂಟ್ ಮಾಡುವ ದೊಡ್ಡ ಗಾಳಿಯಂತ್ರಗಳ ಸದ್ದಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತವಲ್ಲ, ಅಂಥವು. ಸದ್ದು ತಗ್ಗಿಸಲು ರೆಕ್ಕೆಯ ಹಿಂದಿನ ತೆಳು ಅಂಚಿಗೆ ಮುಕ್ಕೋನದ ಹಲ್ಲುಗಳಿರುವ ಪಟ್ಟಿ ಅಂಟಿಸುವುದುಂಟು. ಇಂಗ್ಲಿಷಿನಲ್ಲಿ ‘ಟ್ರೇಲಿಂಗ್ ಎಡ್ಜ್ ಸೆರೇಶನ್’. ಕನ್ನಡದಲ್ಲಿ ಏನೆನ್ನೋಣ?

ಮೊದಲು ‘ಗರಗಸದಂಚು’ ಎಂದು ಬರೆದೆ. ಕರಡು ಓದಿದ ತಂಗಿ, ‘ಅಂದ್ರೆ ಅದು ಗಾಳೀನ ಕೊಯ್ಯುತ್ತಾ?’ ಎಂದಳು. ತೊಡಕು ಇರುವುದೇ ಅಲ್ಲಿ. ಈ ಹಲ್ಲುಗಳು ಏನನ್ನೂ ಕೊಯ್ಯುವುದಿಲ್ಲ. ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವ ಗಾಳಿಯಲ್ಲಿ ಸಣ್ಣ ಸಣ್ಣ ಸುಳಿಗಳಿರುತ್ತವೆ. ಅವು ಹಿಂದಿನ ಅಂಚನ್ನು ದಾಟುವಾಗ ‘ಶ್ಶ್’ ಎಂಬ ಸದ್ದು ಹುಟ್ಟುತ್ತದೆ. ಅಂಚು ನೇರವಾಗಿದ್ದರೆ ಸದ್ದು ಜಾಸ್ತಿ. ಹಲ್ಲುಗಳಿಂದಾಗಿ ಅಂಚು ಓರೆಯಾದರೆ ಸುಳಿ ಒಮ್ಮೆಗೇ ದಾಟದೆ ಜಾರಿಕೊಂಡು ಹೋಗುತ್ತದೆ, ಸದ್ದೂ ತಗ್ಗುತ್ತದೆ. 94 ಮೀಟರ್ ಅಡ್ಡಳತೆಯ, 2.3 ಮೆಗಾವಾಟಿನ ಯಂತ್ರವೊಂದರ ಮೇಲೆ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಸರಾಸರಿ 3.2 ಡೆಸಿಬೆಲ್ ಇಳಿದಿತ್ತು. ಕೇಳಲು ಅಂಕಿ ಚಿಕ್ಕದು, ಆದರೆ ಸದ್ದಿನ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಂತಾಯ್ತು.

‘ಬಾಚಣಿಗೆ’ ಎಂದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು. ಚೆನ್ನಾಗಿದೆ, ಆದರೆ ಅದನ್ನು ಗೂಬೆಗೆ ಬಿಡಬೇಕು. ಅದರ ರೆಕ್ಕೆಯ ಮುಂದಿನ ಅಂಚಲ್ಲಿ ನಿಜಕ್ಕೂ ಬಾಚಣಿಗೆಯಂಥ ಹಲ್ಲುಗಳಿವೆ. ಹಿಂದಿನ ಅಂಚಲ್ಲಿರುವುದು ಬರೀ ಕುಚ್ಚು.

ನನ್ನ ಒಲವು ‘ಕಕ್ಕು’ ಕಡೆಗೆ. ಕುಡುಗೋಲಿನ ಅಂಚಿಗೆ ಸಣ್ಣ ಹಲ್ಲು, ಅಂದರೆ ಕಕ್ಕು ಹಾಕಿಸುತ್ತಿದ್ದರು ಅಲ್ವಾ, ಅದೇ. ಬೀಸುವ ಕಲ್ಲಿಗೂ ಕಕ್ಕು ಇರುತ್ತಿತ್ತು. ಕಲ್ಲು ಕೊಯ್ಯುವುದಿಲ್ಲವಲ್ಲ! ಅಂದರೆ ಈ ಪದ ಹೇಳುವುದು ಆಕಾರವನ್ನೇ ಹೊರತು ಕೊಯ್ಯುವ ಕೆಲಸವನ್ನಲ್ಲ. ‘ಕಕ್ಕಿನ ಅಂಚು’ ಎಂದರೆ ನಾಲಿಗೆಗೂ ಸಲೀಸು. ಒಂದೇ ಅಳುಕು: ‘ಕಕ್ಕು’ ಅಂದ ತಕ್ಷಣ ವಾಂತಿ ನೆನಪಾಗುವವರೇ ಈಗ ಹೆಚ್ಚು.

ನಿಮ್ಮ ಕಡೆ ಈ ಪದ ಇನ್ನೂ ಬಳಕೆಯಲ್ಲಿದೆಯೇ? ಕುಡುಗೋಲು, ಕಲ್ಲು ಬಿಟ್ಟು ಬೇರೆ ಯಾವುದಕ್ಕಾದರೂ ಹೇಳುತ್ತಾರೆಯೇ? ಬೋಯಿಂಗ್ 787 ವಿಮಾನದ ಎಂಜಿನ್ನಿನ ಹಿಂಬಾಯಿಗೂ ಇಂಥದೇ ಹಲ್ಲುಗಳಿವೆ. ಅಲ್ಲಿ ಅವುಗಳ ಕೆಲಸ ಬೇರೆ, ಒಳಗಿನ ಬಿರುಸಿನ ಗಾಳಿಯನ್ನು ಹೊರಗಿನದರ ಜೊತೆ ಬೆರೆಸುವುದು. ಅದನ್ನೂ ಕಕ್ಕು ಎನ್ನಬಹುದೇ, ಇಲ್ಲ ಬೇರೆ ಪದ ಹುಡುಕಬೇಕೇ?