ಹ್ಯಾಂಡ್ ಬ್ಲೆಂಡರ್ ತಗೊಳ್ಳಬೇಕು, ಯಾವ ತರದ್ದು ನೋಡಲಿ?

ಪ್ರಶ್ನೆ (ಕದ್ರಿ, ಮಂಗಳೂರು):
ಅಮ್ಮನಿಗೆ ಈಗ ಗಟ್ಟಿ ಊಟ ಅಗಿಯಲು ಆಗುವುದಿಲ್ಲ. ಗಂಜಿ, ಸಿಹಿಗುಂಬಳ, ತೊವ್ವೆ ಎಲ್ಲ ಬಿಸಿ ಇರುವಾಗಲೇ ಪಾತ್ರೆಯಲ್ಲಿ ನುಣ್ಣಗೆ ಮಾಡಬೇಕು. ಬಜೆಟ್ 2,000 ರೂಪಾಯಿ. ಅದರಲ್ಲೇ ಗಸಿಗೆ (ಕಾಯಿ ಮಸಾಲೆಯ ಗಟ್ಟಿ ಸಾರು) ಕಾಯಿ ಅರೆಯಬಹುದಾ?

ಉತ್ತರ (ಮಣಿಪಾಲ):
ಗಸಿ ಆಸೆ ಬಿಡಿ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನತುರಿ ಬೆಣ್ಣೆಯ ಹಾಗೆ ಆಗಬೇಕಾದರೆ ಗ್ರೈಂಡರ್ ಅಥವಾ ಮಿಕ್ಸಿಯೇ ಬೇಕು. ಬೆಂದ ತರಕಾರಿ, ಗಂಜಿ, ಮಜ್ಜಿಗೆಗೆ ಮಾತ್ರ ಹ್ಯಾಂಡ್ ಬ್ಲೆಂಡರ್ ತುಂಬಾ ಒಳ್ಳೇದು. ಅಮ್ಮನಿಗಾಗಿ ಅಂದ್ರೆ ಖಂಡಿತ ತಗೊಳ್ಳಿ.

ಕಾಲು, ಅಂದ್ರೆ ಪಾತ್ರೆಗೆ ಇಳಿಸುವ ಬ್ಲೇಡ್ ಇರುವ ಉದ್ದ ಭಾಗ, ಸ್ಟೀಲಿನದ್ದೇ ಇರಲಿ. ಬಿಸಿ ಪಾತ್ರೆಗೆ ಪ್ಲಾಸ್ಟಿಕ್ ಬೇಡ, ಅರಿಶಿನದ ಕಲೆಯೂ ಹೋಗುವುದಿಲ್ಲ. ಕಾಲು ಬಿಚ್ಚಿ ತೊಳೆಯುವಂತಿರಬೇಕು. ಮೋಟಾರಿನ ಭಾಗ ನೀರಿಗೆ ಹಾಕಲೇಬಾರದು. ಸುಮ್ನೆ ವ್ಯಾಟ್ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ. ಭಾರ ಜಾಸ್ತಿ ಆದರೆ ದಿನಾ ಬಳಸುವುದು ಕಷ್ಟ ಅಲ್ವಾ?

ಉತ್ತರ (ಕಾಪು):
ಒಂದು ಮಾತು ಸೇರಿಸುತ್ತೇನೆ. ಬ್ಲೇಡ್ ಪೂರ್ತಿ ಮುಳುಗಿದ ಮೇಲೆ ಸ್ವಿಚ್ ಒತ್ತಿ, ನಿಲ್ಲಿಸಿದ ಮೇಲೆಯೇ ಎತ್ತಿ. ಇಲ್ಲದಿದ್ದರೆ ಬಿಸಿ ಗಂಜಿ ಮೈಮೇಲೆ ಹಾರುತ್ತದೆ. ಒಂದೇ ಸಮನೆ ಓಡಿಸಬೇಡಿ, ಮೋಟಾರ್ ಬಿಸಿಯಾಗುತ್ತದೆ. ಎಷ್ಟು ಹೊತ್ತು ಓಡಿಸಬಹುದು ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ.

ಕದ್ರಿ:
ತುಂಬಾ ಉಪಕಾರ ಆಯ್ತು. ತೊವ್ವೆಯಲ್ಲಿ ಹಸಿಮೆಣಸು, ಕರಿಬೇವು ಇದ್ದರೆ?

ಮಣಿಪಾಲ:
ಕರಿಬೇವು ಮೊದಲೇ ತೆಗೆಯಿರಿ. ನಾರು ಉಳಿದರೆ ಅಮ್ಮನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಗ್ಗರಣೆಯ ಸಾಸಿವೆಯೂ ಬೇಡ, ತುಪ್ಪದಲ್ಲಿ ಇಂಗು ಸಾಕು.