ಬೇಸ್‌ಬಾಲ್‌ನಲ್ಲಿ ಟೀಮ್‌ ಆರಿಸೋದು ಮ್ಯಾನೇಜರಾ, ಇನ್ಯಾರಾದ್ರೂನಾ?

ಕ್ಯಾತ್ಸಂದ್ರ ನೈಟ್‌ಶಿಫ್ಟ್‌:

ಎಲ್ಲರಿಗೂ ನಮಸ್ಕಾರ. ನಾನು ಮನೇಲೇ ಕೂತು ರಾತ್ರಿ ಪಾಳಿ ಮಾಡೋನು, ಅಮೆರಿಕದ ಆಸ್ಪತ್ರೆ ಬಿಲ್ಲುಗಳ ಕೆಲಸ. ನಮ್ಮ ಟೀಮ್‌ ಲೀಡರು ಸೇಂಟ್‌ ಲೂಯಿಸ್‌ನೋರು. ಅವರಿಗೆ ಅಲ್ಲಿನ ಬೇಸ್‌ಬಾಲ್‌ ತಂಡ ಕಾರ್ಡಿನಲ್ಸ್‌ ಅಂದ್ರೆ ಪ್ರಾಣ. ಮಾತಿಗೊಂದು ನೆಪ ಇರಲಿ ಅಂತ ನೋಡೋಕೆ ಶುರು ಮಾಡಿದೆ, ಈಗ ಚಟ ಹತ್ತಿದೆ. ಅಲ್ಲಿ ಸಂಜೆ ಆರೂ ಮುಕ್ಕಾಲಿಗೆ ಆಟ ಅಂದ್ರೆ ನಮಗೆ ಬೆಳಗಿನ ಜಾವ ಐದೂಕಾಲು. ಹಾಲಿನೋನು ಗೇಟ್‌ ಬಡಿಯೋ ಹೊತ್ತಿಗೆ ಮೂರನೇ ಇನ್ನಿಂಗ್ಸ್‌ ನಡೀತಿರುತ್ತೆ.

ಡೌಟು ಏನಪ್ಪಾ ಅಂದ್ರೆ, ನಮ್ಮ ಕಡೆ ಟೀಮ್‌ ಮ್ಯಾನೇಜರ್‌ ಅಂದ್ರೆ ಟೆಂಪೋ ಮಾತಾಡೋನು, ಊಟ ಕಟ್ಟಿಸೋನು, ಎಂಟ್ರಿ ಫೀ ಕಟ್ಟೋನು. ಅಲ್ಲಿ ನೋಡಿದ್ರೆ ಮ್ಯಾನೇಜರ್‌ ಅನ್ನೋ ಮನುಷ್ಯ ಆಟಗಾರರ ಥರಾನೇ ಯೂನಿಫಾರ್ಮ್‌ ಹಾಕ್ಕೊಂಡು ಒಳಗೆ ಕೂತಿರ್ತಾನೆ, ಯಾರು ಎಸೀಬೇಕು ಯಾರು ಹೊಡೀಬೇಕು ಎಲ್ಲ ಅವನೇ ಹೇಳ್ತಾನೆ. ಹಂಗಾದ್ರೆ ಟೀಮಿಗೆ ಯಾರನ್ನ ತಗೋಬೇಕು ಅನ್ನೋದೂ ಅವನದ್ದೇನಾ? ಒಬ್ಬ ಹೋಗಿ ಇನ್ನೊಬ್ಬ ಬಂದ್ರೆ ಲಿಸ್ಟೂ ಬದಲಾಗುತ್ತಾ?

ಇದರಲ್ಲಿ ನನ್ನ ಸ್ವಾರ್ಥಾನೂ ಇದೆ. ನಮ್ಮ ಬಡಾವಣೆಯ ಟೆನಿಸ್‌ ಬಾಲ್‌ ಟೀಮಿಗೆ ಈ ಸಲ ನಾನೇ ಮ್ಯಾನೇಜರು. ಹದಿನಾಲ್ಕು ಹೆಸರು ಕೊಡಬೇಕು, ಮೂರು ಮ್ಯಾಚು, ಮೂರಕ್ಕೂ ಅದೇ ಲಿಸ್ಟು. ಹನ್ನೊಂದು ಜನರ ಬಗ್ಗೆ ತಕರಾರಿಲ್ಲ. ಉಳಿದ ಮೂವರ ವಿಷಯಕ್ಕೇ ನಂಗೂ ಕ್ಯಾಪ್ಟನ್‌ಗೂ ವಾರದಿಂದ ಮಾತಿಲ್ಲ. ನಂಗೆ ಚುರುಕಾಗಿ ಓಡೋ ಫೀಲ್ಡರ್‌ ಬೇಕು, ಅವನಿಗೆ ಅವನ ಚಿಕ್ಕಪ್ಪನ ಮಗ ಬೇಕು.

ತಿಪಟೂರು ಕೊಬ್ಬರಿ:

ಗುರೂ, ಸಿಂಪಲ್ಲು. ಆಟಗಾರರನ್ನ ಕೊಳ್ಳೋದು, ಮಾರೋದು ಎಲ್ಲ ಜನರಲ್‌ ಮ್ಯಾನೇಜರ್‌. ಕೊಟ್ಟೋರನ್ನ ಇಟ್ಕೊಂಡು ಆಡಿಸೋನು ಮ್ಯಾನೇಜರ್‌. ಯಜಮಾನ್ರು ತರಕಾರಿ ತರ್ತಾರೆ, ಭಟ್ಟರು ಹುಳಿ ಮಾಡ್ತಾರೆ. ಮುಗೀತು. ನಿಮ್ಮ ಕ್ಯಾಪ್ಟನ್‌ ಚಿಕ್ಕಪ್ಪ ಟೀ ಶರ್ಟ್‌ ಸ್ಪಾನ್ಸರ್‌ ಮಾಡಿದ್ರೆ ಮಗನನ್ನ ತಗೊಂಬಿಡಿ.

ನಿವೃತ್ತ ಪಿ.ಟಿ. ಮೇಷ್ಟ್ರು, ಶಿರಾ ಗೇಟ್‌:

ತಿಪಟೂರಿನವರು ಹೇಳಿದ್ದು ಕಾಗದದ ಮೇಲೆ ಸರಿ. ಆದರೆ ಭಟ್ಟರು ಬದನೆಕಾಯಿ ಮುಟ್ಟೋದೇ ಇಲ್ಲ ಅಂತ ಗೊತ್ತಾದ ಮೇಲೂ ಯಾವ ಯಜಮಾನ ಚೀಲದ ತುಂಬ ಬದನೆಕಾಯಿ ತಂದು ಕೊಳೆಸ್ತಾನೆ, ಹೇಳಿ. ನಾನು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್‌ ಕಲಿಸಿದವನು. ಬೇಸ್‌ಬಾಲ್‌ನ ತಂಗಿ ಅದು, ಬೇಸಿನಿಂದ ಬೇಸಿಗೆ (ಓಡಿ ಮುಟ್ಟಬೇಕಾದ ನಾಲ್ಕು ಮೂಲೆಗಳು) ತೊಂಬತ್ತು ಅಡಿಯ ಬದಲು ಅರವತ್ತು, ಎಸೆತ ಕೈ ಕೆಳಗಿನಿಂದ. ಅಷ್ಟು ಸಲುಗೆ ಇರೋದರಿಂದ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲು ಲೆಕ್ಕ. ಮೇಜರ್‌ ಲೀಗ್‌ನಲ್ಲಿ ಒಂದು ತಂಡ 26 ಜನರನ್ನ ಇಟ್ಕೋಬಹುದು, ಸೆಪ್ಟೆಂಬರಿನಲ್ಲಿ 28. ಆ 26ರಲ್ಲಿ ಎಸೆಯೋರು, ಅಂದ್ರೆ ಪಿಚರ್‌ಗಳು, 13 ಮೀರಬಾರದು, ಸಾಮಾನ್ಯವಾಗಿ 13 ತುಂಬೇ ಇರ್ತಾರೆ. ಉಳಿದವರು 13. ಬ್ಯಾಟ್‌ ಮಾಡೋ ಸಾಲಿಗೆ ಒಂಬತ್ತು ಹೋಯ್ತು. ನಾಲ್ಕು. ಅದರಲ್ಲೊಬ್ಬ ಎರಡನೇ ಕ್ಯಾಚರ್‌, ನಮ್ಮ ವಿಕೆಟ್‌ಕೀಪರ್‌ ಥರ. ಆ ಜಾಗಕ್ಕೆ ಬೇರೆ ಯಾರನ್ನೋ ಕೂರಿಸಿದ್ರೆ ಬೆರಳು ಮುರ್ಕೋತಾರೆ. ಉಳಿದದ್ದೆಷ್ಟು? ಮೂರು. ನಿಮ್ಮ ಹದಿನಾಲ್ಕರಲ್ಲೂ ಮೂರು, ಅವರ ಇಪ್ಪತ್ತಾರರಲ್ಲೂ ಮೂರು. ದೊಡ್ಡ ಆಟಗಾರರನ್ನ ಯಾವ ಮ್ಯಾನೇಜರ್‌ ಬಂದರೂ ಆಡಿಸ್ತಾನೆ. ಅವನ ಸ್ವಭಾವ ಏನು ಅಂತ ತಿಳೀಬೇಕಾದ್ರೆ ಆ ಮೂರು ಹೆಸರು ನೋಡಿ.

ಬಾಲ್ಟಿಮೋರ್‌ ಓರಿಯೋಲ್ಸ್‌ನಲ್ಲಿ ಅರ್ಲ್‌ ವೀವರ್‌ ಅಂತ ಇದ್ದ, 1968ರಲ್ಲಿ ಬಂದವನು. ಅಂಪೈರ್‌ ಮುಂದೆ ಟೋಪಿ ತಿರುಗಿಸಿಕೊಂಡು ಮೂಗಿಗೆ ಮೂಗು ತಾಗಿಸಿ ಜಗಳಕ್ಕೆ ನಿಲ್ಲೋ ಕುಳ್ಳ. ಯಾವ ಬ್ಯಾಟರ್‌ ಯಾವ ಪಿಚರ್‌ ಎದುರು ಎಷ್ಟು ಹೊಡೆದಿದ್ದಾನೆ ಅಂತ ಚೀಟಿ ಬರೆದಿಟ್ಟುಕೊಳ್ಳೋನು. ಬಂಟ್‌ ಅಂದ್ರೆ, ಬ್ಯಾಟ್‌ ಅಡ್ಡ ಹಿಡಿದು ಚೆಂಡನ್ನ ಕಾಲಬುಡದಲ್ಲೇ ಬೀಳಿಸಿ ಓಡೋದು, ತಾನು ಔಟಾದ್ರೂ ಬೇಸ್‌ ಮೇಲಿದ್ದವನು ಮುಂದಕ್ಕೆ ಹೋಗಲಿ ಅಂತ, ಅವನಿಗೆ ಆಗ್ತಿರಲಿಲ್ಲ. ಇರೋ ಔಟನ್ನ ನಾವೇ ಯಾಕೆ ಬಿಟ್ಟುಕೊಡಬೇಕು ಅನ್ನೋ ಲೆಕ್ಕ. ಇಬ್ಬರನ್ನ ಬೇಸ್‌ ಮೇಲೆ ನಿಲ್ಲಿಸಿ ಮೂರನೆಯವನು ಹೋಂ ರನ್‌ (ನಮ್ಮ ಸಿಕ್ಸರ್‌ ಥರ ಬೇಲಿ ದಾಟೋ ಹೊಡೆತ) ಹೊಡೀಲಿ ಅಂತ ಕಾಯೋನು. ಅಂಥವನಿಗೆ ಬೇಕಾದ್ದು ಒಬ್ಬ ಸ್ಟಾರ್‌ ಅಲ್ಲ, ಅರ್ಧರ್ಧ ಕೆಲಸದ ಇಬ್ಬರು. ಲೆಫ್ಟ್‌ ಫೀಲ್ಡ್‌ನಲ್ಲಿ ಎಡಗೈ ಲೋವೆನ್‌ಸ್ಟೈನ್‌, ಬಲಗೈ ರೊನಿಕಿ. ಎದುರಿಗೆ ಬಲಗೈ ಪಿಚರ್‌ ಇದ್ದರೆ ಮೊದಲನೆಯವನು, ಎಡಗೈ ಇದ್ದರೆ ಎರಡನೆಯವನು. 1982ರಲ್ಲಿ ಒಬ್ಬ 24, ಇನ್ನೊಬ್ಬ 21 ಹೋಂ ರನ್‌. ಒಂದೇ ಜಾಗದಿಂದ ಹೆಚ್ಚುಕಡಿಮೆ 45. ಬೇರೆ ತಂಡದಲ್ಲಿ ಇಬ್ಬರೂ ಬೆಂಚು ಬಿಸಿ ಮಾಡ್ಕೊಂಡು ಕೂತಿರೋರು.

ಈಗ ನಿಮ್ಮ ಲೀಡರ್‌ ಊರಿನ ಕಥೆ. ವೈಟಿ ಹರ್ಜಾಗ್‌ 1980ರಲ್ಲಿ ಕಾರ್ಡಿನಲ್ಸ್‌ಗೆ ಮ್ಯಾನೇಜರ್‌ ಆಗಿ ಬಂದ, ಅದೇ ವರ್ಷ ಜನರಲ್‌ ಮ್ಯಾನೇಜರ್‌ ಕೂಡ ಆದ. ಯಜಮಾನನೂ ಅವನೇ, ಭಟ್ಟನೂ ಅವನೇ. ಆಗಿನ ಬುಷ್‌ ಸ್ಟೇಡಿಯಂನಲ್ಲಿ ಮಧ್ಯದ ಬೇಲಿ 414 ಅಡಿ ದೂರ, ನೆಲಕ್ಕೆ ಕೃತಕ ಹುಲ್ಲು, ಚೆಂಡು ಕಾರ್ಪೆಟ್‌ ಮೇಲೆ ಜಾರಿದ ಹಾಗೆ ಹೋಗೋದು. ಇಲ್ಲಿ ಎತ್ತಿ ಹೊಡೆದು ಪ್ರಯೋಜನವಿಲ್ಲ, ಓಡಬೇಕು ಅಂತ ತೀರ್ಮಾನಿಸಿದ. ಊರಿನ ಮುದ್ದಿನ ಕ್ಯಾಚರ್‌ ಟೆಡ್‌ ಸಿಮನ್ಸ್‌, ಒಳ್ಳೇ ಬ್ಯಾಟರ್‌. ಅವನನ್ನ ಮಿಲ್ವಾಕಿ ತಂಡಕ್ಕೆ ಕಳಿಸಿದ. ಕ್ಯಾಚರ್‌ ಜಾಗಕ್ಕೆ ಕ್ಯಾನ್ಸಸ್‌ ಸಿಟಿಯಲ್ಲಿ ತನ್ನ ಕೈಕೆಳಗೆ ಆಡಿದ್ದ ಡ್ಯಾರೆಲ್‌ ಪೋರ್ಟರ್‌ನನ್ನ ಕರೆಸ್ಕೊಂಡ. ಶಾರ್ಟ್‌ಸ್ಟಾಪ್‌ಗೆ, ಅಂದ್ರೆ ಎರಡನೇ ಮೂರನೇ ಬೇಸ್‌ ಮಧ್ಯೆ ನಿಲ್ಲೋ ಫೀಲ್ಡರ್‌ ಜಾಗಕ್ಕೆ, ಆಜಿ ಸ್ಮಿತ್‌. ಬ್ಯಾಟಿಂಗ್‌ ಆಗ ಅಷ್ಟಕ್ಕಷ್ಟೆ, ಆದರೆ ಫೀಲ್ಡಿಂಗ್‌ ಅಂದರೆ ಸರ್ಕಸ್‌. ಊರೆಲ್ಲ ಬೈದಿರಬೇಕು.

1982ರ ವರ್ಲ್ಡ್‌ ಸೀರೀಸ್‌ಗೆ, ಅಂದ್ರೆ ಫೈನಲ್‌ ಸರಣಿಗೆ, ಎದುರು ಬಂದದ್ದು ಯಾರು? ಅದೇ ಮಿಲ್ವಾಕಿ, ಅದೇ ಸಿಮನ್ಸ್‌. ಆ ಸೀಸನ್ನಿನಲ್ಲಿ ಅವರು ಹೊಡೆದದ್ದು 216 ಹೋಂ ರನ್‌. ಹರ್ಜಾಗ್‌ ತಂಡ ಹೊಡೆದದ್ದು 67, ಇಡೀ ಮೇಜರ್‌ ಲೀಗ್‌ನಲ್ಲೇ ಕಡಿಮೆ. ಆದರೆ ಕದ್ದ ಬೇಸ್‌ಗಳು, ಅಂದ್ರೆ ಯಾರೂ ಹೊಡೆಯದೆಯೇ ಪಿಚರ್‌ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಸೇರಿದ್ದು, 200. ಏಳನೇ ಮ್ಯಾಚಿನವರೆಗೆ ಎಳೆದಾಡಿ ಕಾರ್ಡಿನಲ್ಸ್‌ ಗೆದ್ದಿತು. ಸರಣಿ ಶ್ರೇಷ್ಠ ಯಾರು ಗೊತ್ತಾ? ಪೋರ್ಟರ್‌.

ಇದನ್ನೆಲ್ಲ ಓದಿ ನಾನೂ ಚಿಕ್ಕ ಹರ್ಜಾಗ್‌ ಆಗಿದ್ದೆ. ಅದೂ ಹೇಳಿಬಿಡ್ತೀನಿ. ಇಪ್ಪತ್ತೈದು ವರ್ಷದ ಮಾತು. ವಿಭಾಗ ಮಟ್ಟಕ್ಕೆ ಹದಿನಾರು ಹುಡುಗಿಯರನ್ನ ಆರಿಸಬೇಕಿತ್ತು. ಮೈದಾನದಲ್ಲಿ ಸುಣ್ಣದಿಂದ ಅರವತ್ತು ಅಡಿ ಗೆರೆ ಹಾಕಿ, ಸ್ಟಾಪ್‌ವಾಚ್‌ ಹಿಡಿದು ಕೂತೆ. ಓಡಿದವರು ಒಳಗೆ, ಉಳಿದವರು ಹೊರಗೆ. ಶಿರಾ ಕಡೆಯ ಒಂದು ಹಳ್ಳಿ ಹುಡುಗಿ ಇದ್ದಳು, ದಪ್ಪ ರಟ್ಟೆ. ಹೊಡೆದರೆ ಚೆಂಡು ಕಾಂಪೌಂಡ್‌ ದಾಟಿ ಹಾಸ್ಟೆಲ್‌ ಹೆಂಚಿನ ಮೇಲೆ ಬಿದ್ದು ಅಡುಗೆಯವಳು ಹೊರಗೆ ಬಂದು ಬೈಯೋಳು. ಎರಡು ಹೆಂಚಿಗೆ ನಾನೇ ದುಡ್ಡು ಕೊಟ್ಟಿದ್ದೀನಿ. ಆದರೆ ಓಟ ನಿಧಾನ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಓಟ ಸಾಲದು’ ಅಂತ ಬರೆದು ಗೆರೆ ಎಳೆದೆ.

ಫೈನಲ್‌ನಲ್ಲಿ ಕಡೇ ಇನ್ನಿಂಗ್ಸ್‌, ಒಂದು ರನ್‌ ಹಿಂದೆ, ಮೂರನೇ ಬೇಸ್‌ನಲ್ಲಿ ನಮ್ಮ ಹುಡುಗಿ, ಒಂದು ಔಟು. ನಾನು ಬಂಟ್‌ ಮಾಡಿಸ್ತೀನಿ ಅಂತ ಎದುರಿನ ಮೇಡಂಗೆ ಚೆನ್ನಾಗಿ ಗೊತ್ತು, ಮೂರು ದಿನದಿಂದ ಅದನ್ನೇ ಮಾಡಿಸ್ತಿದ್ದೆನಲ್ಲ. ಫೀಲ್ಡರ್‌ಗಳನ್ನೆಲ್ಲ ಹತ್ತಿರಕ್ಕೆ ಕರೆದು ಮೂಗಿನ ಕೆಳಗೆ ನಿಲ್ಲಿಸಿದರು. ಹಿಂದೆ ಮೈದಾನ ಪೂರ್ತಿ ಖಾಲಿ. ಅವರ ತಲೆ ಮೇಲಿಂದ ಎತ್ತಿ ಹಾಕೋ ಒಬ್ಬಳು ಸಾಕಿತ್ತು. ತಿರುಗಿ ನೋಡಿದೆ. ಬೆಂಚಿನ ಮೇಲೆ ಏಳು ಜನ, ಏಳೂ ಒಂದೇ ಅಚ್ಚಿನ ಬೆಲ್ಲ. ಎಲ್ಲರೂ ಸಣ್ಣಗೆ, ಚುರುಕಾಗಿ, ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ದಾರೆ. ಬಂಟನ್ನೇ ಮಾಡಿಸಿದೆ. ಮೂರನೇ ಬೇಸ್‌ನ ಹುಡುಗಿ ಮನೆ ಬೇಸ್‌ಗೆ ಬರೋ ಮೊದಲೇ ಚೆಂಡು ಬಂದಿತ್ತು.

ಆ ಶಿರಾ ಹುಡುಗಿ ಈಗ ಬಸ್‌ ಕಂಡಕ್ಟರು. ಹೋದ ವರ್ಷ ಮಧುಗಿರಿ ಬಸ್ಸಿನಲ್ಲಿ ಸಿಕ್ಕಳು, ನಾನೇ ಮೊದಲು ಗುರುತು ಹಿಡಿದೆ. ನಮಸ್ಕಾರ ಮಾಡಿ, ಸೀಟು ಮಾಡಿಕೊಟ್ಟು, ಹೆಂಚಿನ ವಿಷಯ ನೆನಸಿಕೊಂಡು ನಕ್ಕಳು. ಫೈನಲ್‌ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗುಬ್ಬಿ ಸೊಸೆ:

ಮೇಷ್ಟ್ರೇ, ಆ ಎರಡು ಹೆಂಚು ಓದಿ ನಗಬೇಕೋ ಏನೋ ಗೊತ್ತಾಗಲಿಲ್ಲ.

ನಾವು ಕೆಲವು ವರ್ಷ ಶಿಕಾಗೋದಲ್ಲಿದ್ವಿ. 2016ರಲ್ಲಿ ಅಲ್ಲಿನ ಕಬ್ಸ್‌ ತಂಡ 108 ವರ್ಷದ ಮೇಲೆ ವರ್ಲ್ಡ್‌ ಸೀರೀಸ್‌ ಗೆದ್ದಾಗ ನಮ್ಮ ಬೀದಿಯಲ್ಲಿ ಅಪರಿಚಿತರೂ ತಬ್ಬಿಕೊಂಡು ಅಳ್ತಿದ್ರು. ಅವರ ಮ್ಯಾನೇಜರ್‌ ಜೋ ಮ್ಯಾಡನ್‌ ಒಬ್ಬನನ್ನ ಒಂದೇ ಜಾಗದಲ್ಲಿ ಕೂರಿಸೋ ಪೈಕಿ ಅಲ್ಲ. ಹಿಂದೆ ಟ್ಯಾಂಪಾ ಬೇಯಲ್ಲಿದ್ದಾಗ ಬೆನ್‌ ಜೋಬ್ರಿಸ್ಟ್‌ನನ್ನ ಹೆಚ್ಚುಕಡಿಮೆ ಎಲ್ಲ ಜಾಗದಲ್ಲೂ ನಿಲ್ಲಿಸಿ ಪಳಗಿಸಿದ್ದ. ಮ್ಯಾಡನ್‌ ಶಿಕಾಗೋಕ್ಕೆ ಬಂದ ಮರುವರ್ಷವೇ ಕಬ್ಸ್‌ನೋರು ಅದೇ ಜೋಬ್ರಿಸ್ಟ್‌ನನ್ನ ನಾಲ್ಕು ವರ್ಷಕ್ಕೆ 56 ಮಿಲಿಯನ್‌ ಡಾಲರ್‌ ಕೊಟ್ಟು ತಂದ್ರು. ಏಳನೇ ಮ್ಯಾಚಿನ ಹತ್ತನೇ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಕೊಟ್ಟ ಹೊಡೆತ ಅವನದ್ದೇ. ಮ್ಯಾನೇಜರ್‌ ಹೇಳಿ ತರಿಸಿದನೋ, ಮೇಲಿನವರೇ ತಂದರೋ, ಅವನ ಕೈಗೆ ಒಗ್ಗೋ ಆಳೇ ಬಂದ ಅನ್ನೋದಂತೂ ನಿಜ.

ನಮ್ಮೂರಿನವರಿಗೆ ಇದು ಹೊಸದಲ್ಲ ಬಿಡಿ. ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ ತರೋ ಪೈಕಿ. ಅಂಥ ಕಂಪನಿಯಲ್ಲಿ ಹಾಡುಗಾರರ ಜೊತೆ ಮಾವುತನಿಗೂ ಸಂಬಳ ಕೊಡಬೇಕಲ್ಲ.

ತಿಪಟೂರು ಕೊಬ್ಬರಿ:

ಮೇಷ್ಟ್ರೇ, ತಪ್ಪು ತಿಳೀಬೇಡಿ, ಬರೆದದ್ದು ಸೊಗಸಾಗಿದೆ. ಆದ್ರೆ ವೀವರ್‌, ಹರ್ಜಾಗ್‌ ಎಲ್ಲ ಹಳೇ ಕಾಲ. ಮನಿಬಾಲ್‌ ಸಿನಿಮಾದಲ್ಲಿ ತೋರಿಸಿರೋ 2002ರ ಓಕ್ಲೆಂಡ್‌ ತಂಡ ನೋಡಿ. ಜನರಲ್‌ ಮ್ಯಾನೇಜರ್‌ ಬಿಲ್ಲಿ ಬೀನ್‌ಗೆ ಫಸ್ಟ್‌ ಬೇಸ್‌ನಲ್ಲಿ ಸ್ಕಾಟ್‌ ಹ್ಯಾಟಬರ್ಗ್‌ ಆಡಬೇಕು, ಯಾಕಂದ್ರೆ ವಾಕ್‌ (ನಾಲ್ಕು ಕೆಟ್ಟ ಎಸೆತ ಬಿಟ್ರೆ ಪುಕ್ಕಟೆ ಸಿಗೋ ಫಸ್ಟ್‌ ಬೇಸ್‌) ತಗೊಂಡು ಬೇಸ್‌ ಸೇರ್ತಾನೆ. ಮ್ಯಾನೇಜರ್‌ ಆರ್ಟ್‌ ಹೌ ಕಾರ್ಲೋಸ್‌ ಪೆನ್ಯಾನನ್ನ ಆಡಿಸ್ತಿದ್ದ. ಬೀನ್‌ ಜುಲೈನಲ್ಲಿ ಪೆನ್ಯಾನನ್ನೇ ಡೆಟ್ರಾಯಿಟ್‌ಗೆ ಸಾಗಹಾಕಿದ. ಸೆಪ್ಟೆಂಬರ್‌ 4ರಂದು ಸತತ 20ನೇ ಗೆಲುವು ತಂದುಕೊಟ್ಟ ಹೋಂ ರನ್‌ ಹ್ಯಾಟಬರ್ಗ್‌ದು. ಮ್ಯಾನೇಜರ್‌ ಇಷ್ಟಕ್ಕೆ ಬೆಲೆ ಎಲ್ಲಿ ಬಂತು?

ನಿವೃತ್ತ ಪಿ.ಟಿ. ಮೇಷ್ಟ್ರು, ಶಿರಾ ಗೇಟ್‌:

ಬೆಲೆ ಅಲ್ಲೇ ಇದೆಯಲ್ಲಪ್ಪ! ಸಿನಿಮಾ ಕಥೆಯನ್ನೇ ನಂಬೋದಾದ್ರೆ, ಒಬ್ಬ ಮ್ಯಾನೇಜರ್‌ನ ಅಭ್ಯಾಸ ತಪ್ಪಿಸೋಕೆ ಅವರು ಒಬ್ಬ ಆಟಗಾರನನ್ನೇ ಮಾರಬೇಕಾಯ್ತು. ಅದೂ ಎಂಥವನನ್ನ? ಮುಂದೆ 2007ರಲ್ಲಿ ಟ್ಯಾಂಪಾಗೆ 46 ಹೋಂ ರನ್‌ ಹೊಡೆದವನನ್ನ. ಮ್ಯಾನೇಜರ್‌ ಇಷ್ಟ ಲಿಸ್ಟ್‌ ಬದಲಾಯಿಸಿತು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ, ಬದಲಾದದ್ದು ಉಲ್ಟಾ ದಿಕ್ಕಿನಲ್ಲಿ ಅಷ್ಟೆ.

ಈಗ ಮೇಲಿನವರ ಹಿಡಿತ ಜಾಸ್ತಿ, ಒಪ್ಪಿದೆ. ನಿಯಮಗಳೂ ಕೈ ಹಾಕಿವೆ. ಮುಂಚೆ ಒಬ್ಬನೇ ಎಡಗೈ ಬ್ಯಾಟರ್‌ಗೆ ಎಸೆದು ಹೋಗೋಕೆ ಅಂತಲೇ ಒಬ್ಬ ಎಡಗೈ ಪಿಚರ್‌ನನ್ನ ಇಟ್ಕೋತಿದ್ರು. 2020ರಿಂದ, ಬಂದವನು ಕನಿಷ್ಠ ಮೂರು ಜನಕ್ಕೆ ಎಸೀಲೇಬೇಕು, ಇಲ್ಲ ಇನ್ನಿಂಗ್ಸ್‌ ಮುಗಿಸಬೇಕು ಅಂತ ಮಾಡಿದರು. ಆ ಕೆಲಸವೇ ಹೋಯ್ತು.

ನೈಟ್‌ಶಿಫ್ಟ್‌ ತಮ್ಮನಿಗೆ ಒಂದು ಮಾತು. ಓಟಗಾರ ಬೇಕು ಅಂತೀಯಲ್ಲ, ಹರ್ಬ್‌ ವಾಷಿಂಗ್ಟನ್‌ ಕಥೆ ಕೇಳು. ಓಕ್ಲೆಂಡ್‌ ಮಾಲೀಕ ಚಾರ್ಲಿ ಫಿನ್ಲಿ 1974ರಲ್ಲಿ ಒಬ್ಬ ಸ್ಪ್ರಿಂಟರ್‌ನನ್ನ ಬರೀ ಓಡೋಕೆ ಅಂತ ತಂಡಕ್ಕೆ ಸೇರಿಸಿದ. ಆ ವರ್ಷ, ಮರುವರ್ಷ ಸೇರಿ 105 ಪಂದ್ಯ ಆಡಿದ, 31 ಬೇಸ್‌ ಕದ್ದ, 33 ರನ್‌. ಒಂದೇ ಒಂದು ಸಲವೂ ಬ್ಯಾಟ್‌ ಮಾಡಲಿಲ್ಲ. 1974ರ ವರ್ಲ್ಡ್‌ ಸೀರೀಸ್‌ನ ಎರಡನೇ ಮ್ಯಾಚಿನಲ್ಲಿ, ಒಂಬತ್ತನೇ ಇನ್ನಿಂಗ್ಸ್‌, ಒಂದು ರನ್‌ ಹಿಂದೆ, ಫಸ್ಟ್‌ ಬೇಸ್‌ನಲ್ಲಿ ಇವನು ನಿಂತ. ಪಿಚರ್‌ ಮೈಕ್‌ ಮಾರ್ಷಲ್‌ ಗಕ್ಕನೆ ತಿರುಗಿ ಎಸೆದು ಅಲ್ಲೇ ಔಟ್‌ ಮಾಡಿದ. ಓಡೋಕೆ ಬಂದವನಿಗೆ ಓಡೋಕೂ ಸಿಗಲಿಲ್ಲ.

ಇನ್ನೊಂದು. ಬೇಸ್‌ಬಾಲ್‌ನಲ್ಲಿ ಬೆಂಚಿನವನು ಮಧ್ಯೆ ಇಳಿದು ಬ್ಯಾಟ್‌ ಮಾಡಬಹುದು, ಬಿಟ್ಟು ಬಂದವನು ಮಾತ್ರ ಮತ್ತೆ ಒಳಗೆ ಹೋಗೋ ಹಾಗಿಲ್ಲ. ನಿಮ್ಮ ಕ್ರಿಕೆಟ್ಟಿನಲ್ಲಿ ಬದಲಿ ಬಂದವನು ಫೀಲ್ಡ್‌ ಮಾಡಬಹುದು, ಬ್ಯಾಟು ಬಾಲು ಮುಟ್ಟೋ ಹಾಗಿಲ್ಲ. ಹಾಗಾಗಿ ಆ ಮೂವರನ್ನ ಮ್ಯಾಚಿನ ಮಧ್ಯಕ್ಕಲ್ಲ, ಮೈದಾನಕ್ಕೆ ತಕ್ಕ ಹಾಗೆ ಆರಿಸು. ಎಲ್ಲಿ ಆಡ್ತಿದ್ದೀರಿ?

ಕ್ಯಾತ್ಸಂದ್ರ ನೈಟ್‌ಶಿಫ್ಟ್‌:

ಮೇಷ್ಟ್ರೇ, ಮೊದಲೆರಡು ಮ್ಯಾಚು ಜೂನಿಯರ್‌ ಕಾಲೇಜ್‌ ಫೀಲ್ಡಲ್ಲಿ, ಲೈಟ್‌ ಹಾಕಿ. ಮೂರನೇದು ಒಂದು ಲೇಔಟ್‌ ಸೈಟಲ್ಲಿ, ಲೆಗ್‌ ಸೈಡ್‌ ಬೌಂಡರಿ ನಲವತ್ತು ಹೆಜ್ಜೆ, ಆಮೇಲೆ ಚರಂಡಿ.

ನೆನ್ನೆ ಕ್ಯಾಪ್ಟನ್‌ನ ಟೀ ಅಂಗಡಿಗೆ ಕರೆಸಿದೆ. ನಿನ್ನ ತಮ್ಮನನ್ನ ಯಾವ ಮ್ಯಾಚಿಗೆ, ಯಾರನ್ನ ಕೂರಿಸಿ ಇಳಿಸ್ತೀಯ ಅಂತ ಕೇಳಿದೆ. ಟೀ ಆರೋವರೆಗೂ ಮಾತಿಲ್ಲ. ಆಮೇಲೆ ಅವನೇ ತಿರುಗಿ ಕೇಳಿದ, ಸರಿ, ನಿನ್ನ ಓಟಗಾರನನ್ನ ಆ ನಲವತ್ತು ಹೆಜ್ಜೆ ಗ್ರೌಂಡಲ್ಲಿ ಎಲ್ಲಿಗೆ ಓಡಿಸ್ತೀಯ ಅಂತ. ನಂಗೂ ಉತ್ತರ ಇರಲಿಲ್ಲ.

ಈಗ ಲಿಸ್ಟಲ್ಲಿ ಇರೋರು, ಒಬ್ಬ ಎಡಗೈ ಸ್ಪಿನ್ನರ್‌, ಒಬ್ಬ ಎರಡನೇ ಕೀಪರ್‌ (ನಮ್ಮ ಕೀಪರ್‌ಗೆ ಭಾನುವಾರ ನಾಮಕರಣ ಇದೆ), ಮತ್ತೆ ಗ್ಯಾಸ್‌ ಸಿಲಿಂಡರ್‌ ಹಾಕೋ ಹುಡುಗ. ಎರಡು ರನ್‌ ಓಡಿದ್ರೆ ಏದುಸಿರು ಬಿಡ್ತಾನೆ, ಆದ್ರೆ ಹೊಡೆದ್ರೆ ಚರಂಡಿ ಆಚೆ. ಮೇಷ್ಟ್ರೇ, ಆ ಚರಂಡಿ ಆಚೆ ಒಂದು ಹೆಂಚಿನ ಮನೆ ಇದೆ.